ರಾಗಿಯ ತುದಿ

ಆನೆ ಏನು ತಿಂದಿತು ಅಂತ ಆನೆಯನ್ನು ಕೇಳೋಕಾಗಲ್ಲ. ಕೇಳೋಕಾಗಿದ್ದಿದ್ದರೆ ಓಬಳಪ್ಪನ ಮನೆಗೆ ಈ ಗತಿ ಬರುತ್ತಲೇ ಇರಲಿಲ್ಲ. ಹಾಗಂತ ಈಗ ಆನೆಯನ್ನು ಬೈದು ಏನು ಬಂತು, ಇರಲಿ ಬಿಡಿ.

ಎಂಬತ್ತನಾಲ್ಕನೇ ಇಸವಿ. ಓಬಳಪ್ಪ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಗೆ ಕಾಡಂಚಿನ ಹಳ್ಳಿಗಳಿಂದ ಆನೆಯ ಬಾಲದ ಕೂದಲು ಬರುತ್ತಿತ್ತು. ಹೊಲಕ್ಕೆ ನುಗ್ಗಿ ಗುಂಡೇಟಿಗೋ ಕರೆಂಟಿಗೋ ಸತ್ತ ಆನೆಗಳವು. ಫಾರೆಸ್ಟ್ ಗಾರ್ಡುಗಳು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಊರಿನ ಹೆಸರು ಗೀಚಿ ಕಳಿಸೋರು. ಆ ಕೂದಲನ್ನು ತೊಳೆದು, ಜಿಡ್ಡು ಬಿಡಿಸಿ, ಬ್ಲೇಡಿನಲ್ಲಿ ಸಣ್ಣ ಸಣ್ಣ ತುಂಡು ಮಾಡಿ, ತುಂಡಿಗೊಂದು ಗಾಜಿನ ಸೀಸೆಯಂತೆ ತುಂಬಿ ಚೀಟಿ ಅಂಟಿಸುವುದು ಓಬಳಪ್ಪನ ಕೆಲಸ. ಹನ್ನೊಂದು ವರ್ಷದಿಂದ ಅದೇ ಬೆಂಚು, ಹನ್ನೊಂದು ವರ್ಷದಿಂದಲೂ ಟೆಂಪೊರರಿ. ಆದರೆ ಇಷ್ಟು ವರ್ಷದಲ್ಲಿ ಒಂದೇ ಒಂದು ಚೀಟಿ ತಪ್ಪು ಸೀಸೆಗೆ ಅಂಟಿದ್ದಿಲ್ಲ. ಅದೊಂದು ಹೆಮ್ಮೆ ಅವನಿಗೆ. ಬಡವನಿಗೆ ಹೆಮ್ಮೆಪಡೋಕೆ ಇನ್ನೇನಿರುತ್ತೆ, ಕೈ ತಾನೆ?

ಕೆಲಸ ನಡೆಸುತ್ತಿದ್ದವರು ರಾಮಾನುಜ. ಬಸವನಗುಡಿಯವರು, ಓಬಳಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಒಳ್ಳೇ ಮನುಷ್ಯ. ಅಟೆಂಡರಿಗೂ ‘ನೀವು’ ಅನ್ನೋರು. ಒಂದು ದಿನ ಟೀ ಹೊತ್ತಿನಲ್ಲಿ ಓಬಳಪ್ಪನನ್ನು ಕೂರಿಸಿಕೊಂಡು ಇದೆಲ್ಲ ಯಾಕೆ ಅಂತ ಬಿಡಿಸಿ ಹೇಳಿದರು.

“ನೋಡಿ ಓಬಳಪ್ಪ, ಎಲ್ಲ ಊಟದಲ್ಲೂ ಇಂಗಾಲ ಇದೆ. ಆದರೆ ರಾಗಿ, ಜೋಳ, ಕಬ್ಬು, ಇವುಗಳಲ್ಲಿರೋ ಇಂಗಾಲ ಒಂದು ಕೂದಲೆಳೆಯಷ್ಟು ಭಾರ. ಅಕ್ಕಿ, ಮರದ ಸೊಪ್ಪು, ಇವುಗಳದ್ದು ಹಗುರ. ತಿಂದಿದ್ದೇ ಮೈಯಾಗುತ್ತೆ, ಕೂದಲಾಗುತ್ತೆ. ಈಗ ಹಾಲಿನವನು ನೀರು ಬೆರೆಸಿದಾನೆ ಅಂತಿಟ್ಕೊಳ್ಳಿ. ಗಟ್ಟಿ ಹಾಲು ಹೇಗಿರುತ್ತೆ, ಬರೀ ನೀರು ಹೇಗಿರುತ್ತೆ, ಎರಡೂ ಗೊತ್ತಿದ್ದರೆ ಅವನ ಕ್ಯಾನಿನಲ್ಲಿ ಯಾವುದು ಎಷ್ಟು ಪಾಲು ಅಂತ ಹೇಳಬಹುದು ತಾನೆ? ಇದೂ ಹಾಗೇ. ಆನೆ ಎಷ್ಟು ಪಾಲು ಕಾಡಿನ ಸೊಪ್ಪು ತಿಂತು, ಎಷ್ಟು ಪಾಲು ರೈತನ ರಾಗಿ ತಿಂತು. ಎರಡು ತುದಿ ಗೊತ್ತಿರಬೇಕು ಅಷ್ಟೇ.”

“ಹೊಟ್ಟೆ ತುಂಬಾ ತಿಂತಾ, ಅರೆಹೊಟ್ಟೆ ತಿಂತಾ, ಅದೂ ಗೊತ್ತಾಗುತ್ತಾ ಸಾರ್?”

“ಇಲ್ಲ. ಪಾಲು ಮಾತ್ರ ಗೊತ್ತಾಗೋದು. ಎಷ್ಟು ತಿಂತು ಅನ್ನೋದು ಗೊತ್ತಾಗಲ್ಲ, ಯಾಕೆ ತಿಂತು ಅನ್ನೋದೂ ಗೊತ್ತಾಗಲ್ಲ.” ರಾಮಾನುಜ ನಕ್ಕರು. “ಕಾಡಿನ ಹುಲ್ಲೂ ರಾಗಿ ಕಡೆಗೇ ಬೀಳುತ್ತೆ, ಅದೊಂದು ಬೇರೆ ತಲೆನೋವು. ಅದಕ್ಕೇ ಮೊದಲು ಈ ಲೆಕ್ಕ ಸರಿ ಬರುತ್ತಾ ಅಂತ ಮನುಷ್ಯರ ಕೂದಲಲ್ಲಿ ನೋಡೋಣ ಅಂತಿದೀನಿ. ಅಕ್ಕಿ ತುದಿಗೆ ನಾನೇ ಆಯ್ತು. ನಮ್ಮನೇಲಿ ಮೂರು ಹೊತ್ತೂ ಅನ್ನ, ಮುದ್ದೆ ಅನ್ನೋದನ್ನ ಬಾಯಿಗಿಟ್ಟವನೇ ಅಲ್ಲ. ರಾಗಿ ತುದಿಗೆ ಯಾರನ್ನ ಹುಡುಕೋಣ?”

ಓಬಳಪ್ಪ ತಡಮಾಡಲಿಲ್ಲ. “ನಮ್ಮವ್ವ ಇದಾಳಲ್ಲ ಸಾರ್.”

ಅವ್ವ ಅಂದರೆ ಹನುಮಕ್ಕ. ಮಾಗಡಿ ಕಡೆಯ ಹುಟ್ಟು, ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ಸತ್ತ ಗಂಡ, ಈಗ ಚಾಮರಾಜಪೇಟೆಯ ವಠಾರವೊಂದರಲ್ಲಿ ಮಗ ಸೊಸೆಯ ಜೊತೆ. ಅರವತ್ತೆರಡು ವಯಸ್ಸು, ಸೊಂಟದವರೆಗೆ ನೆರೆತ ಕೂದಲು, ಬಾಯಲ್ಲಿ ಎಲೆಯಡಿಕೆ, ಕಡ್ಡಿಪುಡಿ. ಅವಳಿಗೆ ಊಟ ಅಂದರೆ ಮುದ್ದೆ. ಅನ್ನ ಅಂದರೆ ಹಬ್ಬ, ಇಲ್ಲವೇ ಯಾರದೋ ತಿಥಿ. “ಅನ್ನ ಉಂಡರೆ ಬೀದಿ ಕೊನೆಗೆ ಹೋಗೋ ಅಷ್ಟ್ರಲ್ಲಿ ಹೊಟ್ಟೆ ಖಾಲಿ” ಅಂತ ಮೂಗು ಮುರಿಯೋಳು. ಮುದ್ದೆಯನ್ನು ಅಗಿಯೋರನ್ನು ಕಂಡರಂತೂ ಅವಳಿಗೆ ಆಗುತ್ತಿರಲಿಲ್ಲ. ಮುದ್ದೆ ನುಂಗೋ ಪದಾರ್ಥ, ಹಲ್ಲಿಗೆ ತಾಗಿಸಿದರೆ ಅವಮಾನ ಅನ್ನೋಳು.

ಮಗ ಕತ್ತರಿ ಹಿಡಿದುಕೊಂಡು ಬಂದಾಗ ಮೊದಲು ಬೈದಳು. “ಮುಂಡೇಮಗ್ನೆ, ಹೆಂಗಸ್ರ ಕೂದ್ಲು ಕತ್ತರಿಸ್ತಾರೇನ್ಲಾ? ತಿರುಪ್ತಿ ತಿಮ್ಮಪ್ಪಂಗೂ ನಾನು ಮುಡಿ ಕೊಟ್ಟಿಲ್ಲ, ನಿನ್ನ ಸಾಯೇಬಂಗೆ ಕೊಡ್ಲಾ?”

“ಬೆಂಕಿಕಡ್ಡಿ ದಪ್ಪ ಸಾಕು ಕಣವ್ವ. ಹಿಂದೆ, ಕಾಣದಿರೋ ಕಡೆ.”

“ಶುಕ್ರವಾರ ಬ್ಯಾಡ ಹಂಗಾರೆ, ನಾಳೆ ತಗೊ.”

ಕೂದಲನ್ನು ಅಳೆಯುವ ಯಂತ್ರ ಇವರ ಸಂಸ್ಥೆಯಲ್ಲಿರಲಿಲ್ಲ. ಬೊಂಬಾಯಿಗೆ ಪಾರ್ಸೆಲ್ ಹೋಗಬೇಕು, ಅಲ್ಲಿ ಸರದಿ ಬರಬೇಕು, ಫಲಿತಾಂಶ ಬರೋಕೆ ಮೂರು ತಿಂಗಳು. ಬಂತು. ರಾಮಾನುಜರದು ಹತ್ತಿರ ಹತ್ತಿರ ಪೂರ್ತಿ ಅಕ್ಕಿ. ಹನುಮಕ್ಕನದು ನೂರಕ್ಕೆ ಎಂಬತ್ತು ರಾಗಿ. ರಾಮಾನುಜ ಖುಷಿಯಿಂದ ಮೇಜು ಕುಟ್ಟಿದರು.

“ಹಬ್ಬಹುಣ್ಣಿಮೆ ಅನ್ನ, ಮದುವೆ ಮನೆ ಅನ್ನ, ಅದು ಬೆರೆತಿದೆ. ಅದೂ ಇಲ್ಲದ ಒಂದು ವರ್ಷದ ಕೂದಲು ಸಿಕ್ಕಿಬಿಟ್ಟರೆ ನಮ್ಮ ರಾಗಿ ತುದಿ ಗಟ್ಟಿಯಾಗುತ್ತೆ. ಓಬಳಪ್ಪ, ಪೇಪರ್ ಅಚ್ಚಾಗುವಾಗ ನಿಮ್ಮ ಹೆಸರೂ ಹಾಕ್ತೀನಿ. ಆಮೇಲೆ ಪರ್ಮನೆಂಟ್ ಮಾಡೋ ಕಮಿಟಿ ಮುಂದೆ ನಾನು ಬಾಯಿ ತೆರೆದು ಕೇಳಬಹುದು.”

ಓಬಳಪ್ಪ ಅವತ್ತು ಮನೆಗೆ ನಡೆದು ಬಂದನೋ ಹಾರಿ ಬಂದನೋ. ಅವ್ವನ ಮುಂದೆ ಕೂತು ಹೇಳಿದ. ಈ ಸಂಕ್ರಾಂತಿಯಿಂದ ಮುಂದಿನ ಸಂಕ್ರಾಂತಿವರೆಗೆ ಒಂದು ಅಗುಳು ಅನ್ನ ಮುಟ್ಟಬಾರದು, ದೋಸೆ ಇಡ್ಲಿ ಇಲ್ಲ, ಬ್ರೆಡ್ಡು ಬನ್ನು ಇಲ್ಲ, ಪಾಯಸವೂ ಇಲ್ಲ.

“ಅಚ್ಚಾಗೋ ಪುಸ್ತಕದಾಗೆ ನಿನ್ನ ಹೆಸ್ರು ಬತ್ತದಾ?” ಅಂತ ಕೇಳಿದಳು ಹನುಮಕ್ಕ.

“ಬರ್ತದೆ.”

“ನಿಮ್ಮಪ್ಪಂದು?”

“ಇನಿಷಿಯಲ್ ಇರ್ತದಲ್ಲವ್ವ.”

ಅಷ್ಟು ಸಾಕಾಯಿತು ಅವಳಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇವಳಂತೂ ನಲ್ಲಿ ಹತ್ತಿರ ಕೊಡ ಇಟ್ಟ ಪ್ರತಿಯೊಬ್ಬರಿಗೂ ಹೇಳಿದಳು. ಯುಗಾದಿಗೆ ಒಬ್ಬಟ್ಟು ಮುಟ್ಟಲಿಲ್ಲ. ತಂಗಿಯ ಮೊಮ್ಮಗನ ನಾಮಕರಣದಲ್ಲಿ ಎಲೆ ಮುಂದೆ ಕೂತು, ಉಪ್ಪಿನಕಾಯಿ ನೆಕ್ಕಿ ಎದ್ದು ಬಂದಳು. ಯಾರಾದರೂ ಕೇಳಿದರೆ, “ನಂದು ವ್ರತ ಕಣವ್ವ, ಗೌರ್ಮೆಂಟು ವ್ರತ” ಅನ್ನೋಳು.

ಎಂಬತ್ತಾರರ ಸಂಕ್ರಾಂತಿ ಕಳೆದ ಮಾರನೇ ದಿನ ಓಬಳಪ್ಪ ಅವಳ ಕತ್ತಿನ ಹಿಂದಿನಿಂದ ಮತ್ತೊಂದು ಸಣ್ಣ ಕಟ್ಟು ಕೂದಲು ಕತ್ತರಿಸಿದ. ಬುಡ ಯಾವುದು ಅಂತ ತಪ್ಪದಂತೆ ಕೆಂಪು ದಾರ ಕಟ್ಟಿದ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತೆ ಅನ್ನುವ ಲೆಕ್ಕದಲ್ಲಿ ಹನ್ನೆರಡು ತುಂಡು, ಹನ್ನೆರಡು ಸೀಸೆ, ಹನ್ನೆರಡು ಚೀಟಿ. ಅಕ್ಕಿ ತುದಿಗೆ ರಾಮಾನುಜರ ಕೂದಲಿನ ತುಂಡುಗಳೂ ಇವುಗಳ ಜೊತೆಗೇ ಬೊಂಬಾಯಿಗೆ ಹೋಗಬೇಕಿತ್ತು. ಅವ್ವ ಸ್ವಲ್ಪ ಬಡವಾದಂತೆ ಕಂಡಳು. “ವ್ರತ ಮುಗೀತು, ಇನ್ನು ಏನು ಬೇಕಾದ್ರೂ ತಿನ್ನು” ಅಂದ. “ಆಗ್ಲಿ ಕಣಪ್ಪ” ಅಂದಳು. ಅವನು ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕಿಟ್ಟ. ನೋಡಿ, ಅವತ್ತು ಒಂದು ಗಳಿಗೆ ಚೀಲ ಕೆಳಗಿಟ್ಟು ಅವ್ವನ ಮುಖ ನೋಡಿದ್ದಿದ್ದರೆ! ನೋಡಲಿಲ್ಲ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ರಾಮಾನುಜ ಅವನನ್ನು ಕೋಣೆಗೆ ಕರೆದರು, ಕೂರಿ ಅನ್ನಲಿಲ್ಲ. ಕಾಗದವನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿದರು. ಸಂಕ್ರಾಂತಿಯಿಂದ ಶ್ರಾವಣದವರೆಗೆ ನೂರಕ್ಕೆ ತೊಂಬತ್ತು ರಾಗಿ, ತೊಂಬತ್ತೊಂದು, ತೊಂಬತ್ತು. ಗೌರಿ ಹಬ್ಬದ ತಿಂಗಳು ಎಪ್ಪತ್ತು. ಮುಂದಿನದು ಐವತ್ತು. ದೀಪಾವಳಿ ತಿಂಗಳು ಇಪ್ಪತ್ತೈದು. ಬುಡದ ತುಂಡಿನಲ್ಲಿ ರಾಗಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಎಲ್ಲ ಅಕ್ಕಿ.

“ಸೀಸೆ ಅದಲುಬದಲಾಗಿದೆಯಾ ಓಬಳಪ್ಪ? ನನ್ನ ಕೂದಲಿನ ತುಂಡುಗಳು ನಿಮ್ಮ ತಾಯಿಯವರ ಸೀಸೆಗೆ ಸೇರಿಬಿಟ್ಟಿವೆಯಾ?”

“ನನ್ನ ಕೈ ತಪ್ಪಲ್ಲ ಸಾರ್.”

“ತಪ್ಪಿದ್ದರೆ ಹೇಳಿಬಿಡಿ, ನಾನೇನೂ ಅಂದುಕೊಳ್ಳಲ್ಲ. ಮುಂದಿನ ತಿಂಗಳು ಕಮಿಟಿ ಇದೆ, ಅದಕ್ಕೇ ಕೇಳ್ತಿದೀನಿ.”

“ಹದಿಮೂರು ವರ್ಷದಲ್ಲಿ ತಪ್ಪಿಲ್ಲ ಸಾರ್.”

“ಹಾಗಿದ್ದರೆ ಅವರು ಅನ್ನ ತಿಂದಿದಾರೆ. ವಯಸ್ಸಾದವರು, ತಿಂದರೆ ಪಾಪವೇನಲ್ಲ.” ರಾಮಾನುಜ ಕಾಗದ ಮಡಿಸಿದರು. “ಆದರೆ ಪೇಪರಿಗೆ ಇದು ಬರಲ್ಲ.”

ಇಲ್ಲಿ ಒಂದು ಮಾತು ಹೇಳಬೇಕು. ಮುದ್ದೆ ಉಂಡು ಬೆಳೆದ ಮನೆಯವರಿಗೆ ಮಾತ್ರ ಅರ್ಥವಾಗೋ ಮಾತು. ಅನ್ನದ ಮನೆಯಲ್ಲಿ ಹುಟ್ಟಿದವನಾದರೆ, ಪೇಪರಿನ ಚಿಂತೆ ತಲೆಯಲ್ಲಿಲ್ಲದಿದ್ದರೆ, ಒಬ್ಬ ಮುದುಕಿ ಮುದ್ದೆ ಬಿಟ್ಟು ಅನ್ನಕ್ಕಿಳಿದಳು ಅಂದ ತಕ್ಷಣ ಮೈ ಸರಿಯಿಲ್ಲವೇನೋ ಅಂತ ಕೇಳುತ್ತಿದ್ದ. ಓಬಳಪ್ಪನಿಗೆ ಅನ್ನ ಅಂದರೆ ಆಸೆ. ಚಿಕ್ಕಂದಿನಲ್ಲಿ ಅನ್ನ ಕದ್ದು ತಿಂದು ಏಟು ತಿಂದವನು ಅವನು. ಗೌರಿ ಹಬ್ಬದ ದಿನ ಬಾಯಿಗೆ ರುಚಿ ಹತ್ತಿದೆ, ಆಮೇಲೆ ಬಿಡೋಕಾಗಿಲ್ಲ. ಕಾಗದದ ಮೇಲಿನ ಅಂಕಿ ಅವನಿಗೆ ಹಾಗೆ ಓದಿಸಿತು. ಕೈ ತಪ್ಪಿರಬೇಕು, ಇಲ್ಲವೇ ಅವ್ವ ತಪ್ಪಿರಬೇಕು. ಅವನು ಕೈಯನ್ನು ಉಳಿಸಿಕೊಂಡ.

ಸಂಜೆ ಮನೆಗೆ ಬಂದಾಗ ಹನುಮಕ್ಕ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಹೆಂಡತಿ ಗಂಗರತ್ನಮ್ಮ ಆಯಾ ಕೆಲಸಕ್ಕೆ ಹೋಗುತ್ತಿದ್ದ ಸ್ಕೂಲಿನಿಂದ ಆಗಷ್ಟೇ ಬಂದು ಒಲೆ ಹಚ್ಚಿದ್ದಳು. ಓಬಳಪ್ಪ ಚಪ್ಪಲಿ ಬಿಡಲಿಲ್ಲ.

“ಅನ್ನ ತಿಂದ್ಯಾ?”

ಹನುಮಕ್ಕ ತಲೆಯೆತ್ತಿ ನೋಡಿದಳು. ಮಗನ ಮುಖ ನೋಡಿ ಸೊಪ್ಪನ್ನು ಮೊರಕ್ಕೆ ಹಾಕಿದಳು. “ಹೂಂ ಕಣಪ್ಪ.”

“ವ್ರತ ಇದ್ದಾಗ್ಲೇ?”

“ಹೂಂ.”

“ಎಲ್ಲಿ?”

“ಪಕ್ಕದಾಗೆ. ಕಮಲಮ್ಮನ ಮನೇಲಿ.”

“ಯಾಕೆ?”

ಅವಳು ಇನ್ನೊಂದು ದಂಟು ಎತ್ತಿಕೊಂಡು ಎಲೆ ಬಿಡಿಸಿದಳು. ಆಮೇಲೆ ಅಂದಳು, “ಬಾಯಿ ಚಪಲ ಕಣ್ಲಾ. ತಡೀಲಿಲ್ಲ.”

ಮಾತು ಆಡಿದರೆ ಹೋಯ್ತು ಅಂತಾರೆ. ಓಬಳಪ್ಪ ಆಡಿದ. “ಅಕ್ಕಿ ಮೇಲೆ ಇಷ್ಟು ಆಸೆ ಇದ್ದೋಳು ನನ್ನ ಹತ್ರ ಒಂದು ಮಾತು ಹೇಳಬೇಕಿತ್ತು, ಬೇರೆಯೋರನ್ನ ಹುಡುಕ್ತಿದ್ದೆ. ಹದಿಮೂರು ವರ್ಷ ನಾನು ಬೆವರು ಸುರಿಸಿದ್ದನ್ನ ನಾಲ್ಕು ತುತ್ತಿಗೆ ತಿಂದುಬಿಟ್ಟಲ್ಲ. ಈ ವಯಸ್ಸಲ್ಲಿ ಪಕ್ಕದ ಮನೆ ಬಾಗಿಲಲ್ಲಿ ಕೈಯೊಡ್ಡಿದೀಯಲ್ಲ, ನಾಚಿಕೆ ಆಗಲ್ವಾ? ಅಪ್ಪ ಇದ್ದಿದ್ರೆ ನಿನ್ನ ಕೈಯಲ್ಲಿ ನೀರು ಕುಡೀತಿರಲಿಲ್ಲ.”

“ಸಾಕು ಬಿಡ್ರಿ, ಹೆತ್ತ ತಾಯಿ ಅವ್ರು” ಅಂದಳು ಗಂಗರತ್ನಮ್ಮ ಒಲೆಯ ಹತ್ತಿರದಿಂದ.

ಅವನು ಬಿಡಲಿಲ್ಲ. ಪಕ್ಕದ ಬಾಗಿಲಿಗೆ ಹೋಗಿ ಕಮಲಮ್ಮನನ್ನು ಕರೆದ. ಐವತ್ತು ದಾಟಿದ ಹೆಂಗಸು, ಗಂಡ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದ. “ನಮ್ಮವ್ವನಿಗೆ ಇವತ್ತಿಂದ ನಿಮ್ಮನೇದು ಏನೂ ಕೊಡಬೇಡಿ. ನಾವಿನ್ನೂ ಬದುಕಿದೀವಿ, ಅವಳಿಗೆ ಊಟ ಹಾಕೋ ಶಕ್ತಿ ನಮಗಿದೆ” ಅಂದ.

ಕಮಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಬಾಯಿ ತೆರೆದಳು. “ಓಬಳಪ್ಪ, ನಿಮ್ಮ ತಾಯಿ—”

“ಕಮಲಮ್ಮ, ನೀವು ಸುಮ್ಕಿರಿ” ಅಂದಳು ಹನುಮಕ್ಕ ಹಿಂದಿನಿಂದ. “ಅವ್ನು ಹೇಳೋದ್ರಾಗೆ ತಪ್ಪೇನಿಲ್ಲ. ನನ್ನಾಣೆ, ಸುಮ್ಕಿರಿ.”

ಆಣೆ ಹಾಕಿದ ಮೇಲೆ ಕಮಲಮ್ಮ ಬಾಗಿಲು ಮುಂದೆ ಮಾಡಿಕೊಂಡಳು.

ಓಬಳಪ್ಪನ ತಲೆಯಲ್ಲಿ ಇನ್ನೊಂದು ಯೋಚನೆ ಬಂತು. ಕಮಿಟಿಯ ಹೊತ್ತಿಗೆ ಹೊಸದಾಗಿ ಒಂದು ಸೆಂಟಿಮೀಟರ್ ಕೂದಲು ಸಿಕ್ಕರೂ ಸಾಕು, ಅದನ್ನು ಬೊಂಬಾಯಿಗೆ ಕಳಿಸಿ, ಫಲಿತಾಂಶ ಬರೋವರೆಗೆ ಕಾಯಿರಿ, ನನ್ನ ಕೈ ಸರಿಯಿತ್ತು ಅಂತ ಗೊತ್ತಾಗುತ್ತೆ ಅನ್ನಬಹುದು. ಅವತ್ತಿನಿಂದ ಅವ್ವನ ರಾತ್ರಿಯೂಟ ಅವನ ಕಣ್ಣ ಮುಂದೆ. ಅದುವರೆಗೆ ಅವಳು “ನಾನು ಆಗ್ಲೇ ಉಂಡೆ” ಅಂತಿದ್ದಳು, ಇವರಿಬ್ಬರೂ ನಂಬಿದ್ದರು. ಹಿಟ್ಟಿನ ಡಬ್ಬಿ ತಿಂಗಳಿಗೆ ಸರಿಯಾಗಿ ಖಾಲಿಯಾಗುತ್ತಿತ್ತು, ಅನುಮಾನ ಯಾಕೆ ಬರಬೇಕು?

ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಸಾರು. ಹನುಮಕ್ಕ ಚಿಟಿಕೆಯಷ್ಟು ಮುರಿದು, ಸಾರಿನಲ್ಲಿ ಅದ್ದಿ ಅದ್ದಿ, ಬಾಯಿಗಿಟ್ಟುಕೊಂಡು ಕತ್ತು ಮುಂದೆ ಚಾಚಿ ನುಂಗೋಳು. ಕಣ್ಣಲ್ಲಿ ನೀರು ಕಿತ್ತುಕೊಂಡು ಬರೋದು. “ಖಾರ ಜಾಸ್ತಿ ಆಗೈತೆ ಕಣೆ ರತ್ನ” ಅನ್ನೋಳು. ಸಾರಿಗೆ ಗಂಗರತ್ನಮ್ಮ ಖಾರ ಹಾಕಿರಲೇ ಇಲ್ಲ. ನಾಲ್ಕು ತುತ್ತಾದ ಮೇಲೆ ಸೆರಗು ಬಾಯಿಗೊತ್ತಿಕೊಂಡು ಬಚ್ಚಲಿಗೆ ಹೋಗೋಳು, ನಲ್ಲಿ ತಿರುವೋಳು. ಓಬಳಪ್ಪನಿಗೆ ಇದೆಲ್ಲ ಹಟದಂತೆ ಕಂಡಿತು. ಅನ್ನ ಕಂಡ ಬಾಯಿಗೆ ಈಗ ಮುದ್ದೆ ಸೇರಲ್ಲ ಅಂದುಕೊಂಡ. ಒಂದು ರಾತ್ರಿ ಬಾಯಿಬಿಟ್ಟು ಅಂದೂಬಿಟ್ಟ. ಹನುಮಕ್ಕ ತಟ್ಟೆ ಕಡೆ ನೋಡುತ್ತಾ, “ಉಣ್ತೀನಿ ಕಣಪ್ಪ, ನಿಧಾನ ಆಯ್ತದೆ” ಅಂದಳು.

ಮೂರು ವಾರಕ್ಕೆ, ಒಂದು ಬೆಳಿಗ್ಗೆ, ನಲ್ಲಿ ಹತ್ತಿರ ಕೊಡ ಎತ್ತೋಕೆ ಬಗ್ಗಿದವಳು ಏಳಲಿಲ್ಲ. ಓಬಳಪ್ಪ ಓಡಿಬಂದು ಎತ್ತಿಕೊಂಡ. ಅವಳ ತೂಕ ಆಗ ಅವನ ಕೈಗೆ ಬಂತು. ಹಸಿ ಬಟ್ಟೆಯ ಗಂಟು ಇದಕ್ಕಿಂತ ಭಾರವಿರುತ್ತೆ.

ಕಮಲಮ್ಮ ಗುಂಪು ಸೀಳಿಕೊಂಡು ಬಂದಳು. “ಆಣೆ ಸುಟ್ಟುಹೋಗ್ಲಿ, ಇನ್ನು ನನ್ನ ಕೈಲಾಗಲ್ಲ” ಅಂತ ಕಿರುಚಿದಳು. “ಗೌರಿ ಹಬ್ಬದಿಂದ ಆಕೆಗೆ ಮುದ್ದೆ ಗಂಟಲಲ್ಲಿ ಇಳೀತಿಲ್ಲ ಓಬಳಪ್ಪ! ನುಂಗಿದ್ದು ಎದೇಲೇ ನಿಂತ್ಕೊಳ್ಳೋದು. ಮಧ್ಯಾಹ್ನ ನನ್ನ ಮನೆಗೆ ಬಂದು ಅತ್ತರು. ನಾನೇ ಅಕ್ಕಿ ಗಂಜಿ ತೆಳ್ಳಗೆ ಬಸಿದು ಕೊಟ್ಟೆ, ಅದೊಂದು ಇಳೀತಿತ್ತು. ನಿಮ್ಮ ಮನೆ ಮುದ್ದೆ ಬೀದಿ ಹಸುವಿನ ಹೊಟ್ಟೆಗೆ ಹೋಗ್ತಿತ್ತು. ಆಸ್ಪತ್ರೆಗೆ ಹೋಗೋಣ ಅಂದ್ರೆ, ಮಗನ ಹೆಸರು ಅಚ್ಚಾಗ್ಲಿ, ಕಮಿಟಿ ಆಗ್ಲಿ, ಆಮೇಲೆ ಹೇಳ್ತೀನಿ ಅಂತಿದ್ರು. ನೀವು ಬಂದು ಆ ಗಂಜೀನೂ ನಿಲ್ಲಿಸಿದ್ರಿ.”

ಓಬಳಪ್ಪ ಅವ್ವನನ್ನು ಎತ್ತಿಕೊಂಡೇ ಬೀದಿಗೆ ಓಡಿದ. ವಠಾರದವರು ಯಾರೋ ಆಟೋ ಕರೆತಂದರು. ಅವ್ವನ ತಲೆ ಅವನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ “ಯಾಕವ್ವ, ಯಾಕವ್ವ” ಅಂತ ಅವನು, “ನಿಂಗೆ ಆಪೀಸಿಗೆ ಒತ್ತಾಯ್ತದೆ” ಅಂತ ಅವಳು.

ದೊಡ್ಡಾಸ್ಪತ್ರೆಯಲ್ಲಿ ಸುಣ್ಣದಂಥ ಬಿಳಿ ನೀರು ಕುಡಿಸಿ ಎಕ್ಸ್‌ರೇ ತೆಗೆದರು. ಕುಡಿದದ್ದರಲ್ಲಿ ಅರ್ಧ ವಾಪಸ್ ಬಂತು. ಎರಡು ದಿನ ಬಿಟ್ಟು, ಕಮಿಟಿ ಕೂರಬೇಕಿದ್ದ ಬುಧವಾರವೇ, ಡಾಕ್ಟರಮ್ಮ ಗಂಡಹೆಂಡತಿಯನ್ನು ಕರೆದರು. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅನ್ನನಾಳ ಒಂದು ಕಡೆ ಇಲಿ ಕಡಿದ ಹಗ್ಗದ ಹಾಗೆ ಸಣ್ಣಗಾಗಿತ್ತು. ಕ್ಯಾನ್ಸರು, ಈಗ ಆಪರೇಷನ್ ತಡೆಯೋ ಮೈ ಅಲ್ಲ, ಹೊಟ್ಟೆಗೆ ನಳಿಗೆ ಹಾಕಿ ಎಷ್ಟು ದಿನ ಆಗುತ್ತೋ ಅಷ್ಟು ದಿನ, ಅಂದರು. ಆಮೇಲೆ ಚೀಟಿ ಎಳೆದುಕೊಂಡು ಪೆನ್ನು ತೆಗೆದರು.

“ನುಂಗೋಕೆ ಕಷ್ಟ ಅಂತ ಶುರುವಾಗಿದ್ದು ಯಾವಾಗ?”

“ನಮ್ಮ ಕಣ್ಣಿಗೆ ಬಿದ್ದಿದ್ದು ಒಂದು ತಿಂಗಳಿಂದ ಮೇಡಂ” ಅಂದಳು ಗಂಗರತ್ನಮ್ಮ ಅಳುತ್ತಾ.

“ಅಲ್ಲ ಮೇಡಂ” ಅಂದ ಓಬಳಪ್ಪ. ಅವನ ದನಿ ಬೆಂಚಿನ ಮುಂದೆ ಸೀಸೆಯ ನಂಬರು ಓದಿ ಹೇಳುವಾಗ ಇರುತ್ತಿತ್ತಲ್ಲ, ಹಾಗೇ ಇತ್ತು. “ಹೋದ ವರ್ಷ ಗೌರಿ ಹಬ್ಬದಿಂದ. ಆ ತಿಂಗಳು ಮುದ್ದೇಲಿ ಕಾಲು ಭಾಗ ಬಿಟ್ಟಿದಾಳೆ. ಮುಂದಿನ ತಿಂಗಳು ಅರ್ಧ. ದೀಪಾವಳಿ ತಿಂಗಳು ಮುಕ್ಕಾಲು. ಸಂಕ್ರಾಂತಿ ಹೊತ್ತಿಗೆ ಬರೀ ಗಂಜಿ.”

ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವನನ್ನು ನೋಡಿದರು. “ಇಷ್ಟು ಸರಿಯಾಗಿ ಯಾರೂ ಹೇಳಲ್ಲ ರೀ. ತಿಂಗಳು ತಿಂಗಳೂ ಬರೆದಿಟ್ಟಿದ್ರಾ?”

“ಬರೆದಿತ್ತು ಮೇಡಂ.”

“ನೀವು ನೋಡಿದ್ರಾ?”

“ನೋಡಿದೆ.”

“ನೋಡಿದ ಮೇಲೂ ಯಾಕೆ ಕರ್ಕೊಂಡು ಬರ್ಲಿಲ್ಲ?”

ಓಬಳಪ್ಪ ಎರಡು ಕೈಯನ್ನೂ ಮೇಜಿನ ಅಂಚಿಗೆ ಊರಿದ. “ಅನ್ನದ ಆಸೆಗೆ ತಿಂತಾಳೆ ಅಂದ್ಕೊಂಡೆ ಮೇಡಂ” ಅಂದ.

ಡಾಕ್ಟರಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ಅವರು ಚೀಟಿಯಲ್ಲಿ ‘ಎಂಟು ತಿಂಗಳು’ ಅಂತ ಬರೆದು, ಹೊರಗೆ ಕಾಯುತ್ತಿದ್ದ ಮುಂದಿನವರನ್ನು ಕರೆದರು.